ಪಿಕಪ್ ವಾಹನದ ಬಾಗಿಲಿನಲ್ಲಿ ಬಿರುಕು: ಲೋಹದ ದಣಿವಿನ ಕಾರಣ ಮತ್ತು ಪರಿಹಾರ

ಚಿತ್ರದುರ್ಗ ಜಿಲ್ಲೆಯ ವ್ಯಾಪಾರ ವಹಿವಾಟಿನಲ್ಲಿ ಪಿಕಪ್ ಮತ್ತು ಸಣ್ಣ ಸರಕು ವಾಹನಗಳ ಪಾತ್ರ ಹಿರಿದು. ಹೊಸದುರ್ಗದ ತೆಂಗಿನಕಾಯಿ, ಕೊಬ್ಬರಿ, ಹೊಳಲ್ಕೆರೆ ಹಾಗೂ ಭೀಮಸಮುದ್ರ ಭಾಗದ ಅಡಿಕೆ, ಹಿರಿಯೂರು ಮತ್ತು ಚಿತ್ರದುರ್ಗ ತಾಲ್ಲೂಕುಗಳ ಈರುಳ್ಳಿ ಮುಂತಾದ ಸರಕುಗಳು ಹೊಲ ತೋಟಗಳಿಂದ ಮಂಡಿಗೂ, ಮಂಡಿಯಿಂದ ಅಂಗಡಿಗೂ ತಲುಪುವುದರಲ್ಲಿ ಈ ವಾಹನಗಳ ದುಡಿಮೆ ದೊಡ್ಡದು. ದೊಡ್ಡ ಲಾರಿ ಇಳಿಯಲಾರದ ತೋಟದ ದಾರಿಯಲ್ಲಿ ಬೆಳಿಗ್ಗೆ ಸರಕು ತುಂಬಿಕೊಂಡ ವಾಹನವೇ ಸಂಜೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ವೇಗವಾಗಿ ಓಡಬೇಕಾಗುತ್ತದೆ. ಎಂಜಿನ್, ಟೈರು, ಬ್ರೇಕುಗಳ ವಿಷಯದಲ್ಲಿ ಮಾಲೀಕರು ವಹಿಸುವ ಎಚ್ಚರವನ್ನು ಚಾಲಕನ ಪಕ್ಕದ ಬಾಗಿಲಿನ ವಿಷಯದಲ್ಲಿ ವಹಿಸುವುದು ಅಪರೂಪ.

ಬಾಗಿಲಿನ ತೊಂದರೆ ಸಾಮಾನ್ಯವಾಗಿ ಹೀಗೆ ಆರಂಭವಾಗುತ್ತದೆ. ಕೀಲಿನ ಬಳಿಯಲ್ಲೋ ಕಿಟಕಿಯ ಮೂಲೆಯಲ್ಲೋ ಕೂದಲೆಳೆಯಂತಹ ಒಂದು ಗೆರೆ ಕಾಣಿಸಿಕೊಳ್ಳುತ್ತದೆ. ಬಣ್ಣ ಒಡೆದಿರಬಹುದೆಂದು ಅದನ್ನು ಅಲಕ್ಷಿಸಲಾಗುತ್ತದೆ. ಗೆರೆ ಎರಡು ಅಂಗುಲ ಬೆಳೆದ ಮೇಲೆ ವೆಲ್ಡಿಂಗ್ ಮಾಡಿಸಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆಸಲಾಗುತ್ತದೆ. ಕೆಲವೇ ತಿಂಗಳಲ್ಲಿ ವೆಲ್ಡಿಂಗಿನ ಪಕ್ಕದಲ್ಲಿಯೇ ಹೊಸ ಬಿರುಕು ಮೂಡುತ್ತದೆ. ವೆಲ್ಡಿಂಗ್ ಮಾಡಿದವನನ್ನು ಮಾಲೀಕ ದೂರುತ್ತಾನೆ. ತಗಡೇ ಕಳಪೆಯೆಂದು ಅವನು ಹೇಳುತ್ತಾನೆ. ಬಹಳಷ್ಟು ಸಂದರ್ಭಗಳಲ್ಲಿ ಇಬ್ಬರ ಮಾತೂ ಪೂರ್ಣ ಸತ್ಯವಲ್ಲ. ಬಿರುಕಿಗೆ ಕಾರಣವಾದ ಹೊರೆ ಹಾಗೆಯೇ ಉಳಿದಿರುವುದರಿಂದ ಬಿರುಕು ಮರಳಿ ಬಂದಿರುತ್ತದೆ.

ಲೋಹದ ದಣಿವು ಎಂದರೇನು?

ಒಂದು ತಂತಿಯನ್ನು ಕೈಯಿಂದ ಎಳೆದು ತುಂಡರಿಸುವುದು ಕಷ್ಟ. ಅದನ್ನೇ ಹಿಂದಕ್ಕೂ ಮುಂದಕ್ಕೂ ಹತ್ತಾರು ಬಾರಿ ಬಾಗಿಸಿದರೆ ಅದು ತಾನಾಗಿಯೇ ಮುರಿಯುತ್ತದೆ. ಒಮ್ಮೆಗೆ ಸುಲಭವಾಗಿ ತಾಳಿಕೊಳ್ಳಬಲ್ಲ ಹೊರೆಯು ಲಕ್ಷಾಂತರ ಬಾರಿ ಬಂದು ಹೋದಾಗಲೂ ಲೋಹದಲ್ಲಿ ಹೀಗೆಯೇ ಸೂಕ್ಷ್ಮವಾದ ಬಿರುಕು ಹುಟ್ಟಿ, ಪ್ರತಿ ಆವರ್ತನೆಗೂ ತುಸುತುಸುವೇ ಬೆಳೆಯುತ್ತದೆ. ಇದನ್ನೇ ಲೋಹದ ದಣಿವು ಎನ್ನುತ್ತಾರೆ. ಮನುಷ್ಯನ ದಣಿವು ವಿಶ್ರಾಂತಿಯಿಂದ ನೀಗುತ್ತದೆ. ಲೋಹದ ದಣಿವು ನೀಗುವುದಿಲ್ಲ, ಕೂಡುತ್ತಲೇ ಹೋಗುತ್ತದೆ.

ಈ ಸಂಗತಿಯನ್ನು ಮೊದಲು ಕ್ರಮಬದ್ಧವಾಗಿ ಅಭ್ಯಸಿಸಿದವರಲ್ಲಿ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ಪ್ರಮುಖರು. ರೈಲು ಗಾಡಿಗಳ ಅಚ್ಚುಗಳು ಯಾವ ಅತಿಭಾರವೂ ಇಲ್ಲದೆ ಮುರಿಯುತ್ತಿದ್ದುದರ ಕಾರಣವನ್ನು ಅವರು 1850 ಮತ್ತು 1860ರ ದಶಕಗಳಲ್ಲಿ ಪ್ರಯೋಗಗಳಿಂದ ಪರಿಶೀಲಿಸಿದರು. ಹೊರೆಯ ಪ್ರಮಾಣದಷ್ಟೇ ಅದು ಎಷ್ಟು ಬಾರಿ ಬಂದು ಹೋಗುತ್ತದೆ ಎಂಬುದೂ ಮುಖ್ಯವೆಂದು ಅವರ ಪ್ರಯೋಗಗಳು ತೋರಿಸಿದವು. ಮುಂದೆ 1954ರಲ್ಲಿ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳೆರಡು ಆಕಾಶದಲ್ಲಿಯೇ ಛಿದ್ರವಾದ ಮೇಲೆ ನಡೆದ ತನಿಖೆಯಲ್ಲಿ, ವಿಮಾನದ ಒಡಲಿನ ಕಿಂಡಿಗಳ ಮೂಲೆಗಳಲ್ಲಿ ದಣಿವಿನ ಬಿರುಕು ಹುಟ್ಟಿದ್ದುದು ಗೊತ್ತಾಯಿತು. ತಗಡಿನಲ್ಲಿ ಕೊರೆದ ರಂಧ್ರ, ಕಿಂಡಿ, ಚೂಪಾದ ಮೂಲೆಗಳಲ್ಲಿ ಹೊರೆ ಒತ್ತಟ್ಟಿಗೆ ಸೇರುತ್ತದೆ ಎಂಬ ಈ ಪಾಠ ವಿಮಾನಕ್ಕೂ ಒಂದೇ, ಪಿಕಪ್ ಬಾಗಿಲಿಗೂ ಒಂದೇ.

ಬಾಗಿಲಿಗೆ ಬೀಳುವ ಹೊರೆಯ ಎಣಿಕೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ದಿನಕ್ಕೆ 40 ಅಂಗಡಿಗಳಿಗೆ ಸರಕು ಹಂಚುವ ವಾಹನದ ಚಾಲಕನು ಪ್ರತಿ ಅಂಗಡಿಯಲ್ಲಿ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಬಾಗಿಲು ಹಾಕುತ್ತಾನೆ. ದಿನಕ್ಕೆ 80 ಬಾರಿಯಂತೆ ವರ್ಷಕ್ಕೆ 300 ದಿನ ದುಡಿದರೆ 24,000 ಬಾರಿ. ಆರು ವರ್ಷಕ್ಕೆ 1,44,000 ಬಾರಿ. ಇದಲ್ಲದೆ ಹದಗೆಟ್ಟ ರಸ್ತೆಯಲ್ಲಿ ಬಾಗಿಲು ಸೆಕೆಂಡಿಗೆ 10 ಬಾರಿ ಅದುರುತ್ತದೆಂದು ಭಾವಿಸಿದರೆ ಒಂದು ಗಂಟೆಯ ಓಡಾಟದಲ್ಲಿಯೇ 36,000 ಅದುರುಗಳಾಗುತ್ತವೆ. ಬಾಗಿಲು ಬಿಗಿಯಾಗಿದ್ದರೆ ಇಂತಹ ಪ್ರತಿಯೊಂದು ಅದುರೂ ತೀರ ಸಣ್ಣದು. ಸಡಿಲವಾಗಿದ್ದರೆ ಪ್ರತಿಯೊಂದೂ ಒಂದು ಸುತ್ತಿಗೆಯ ಪೆಟ್ಟು.

ಬಾಗಿಲಿನ ರಚನೆ ಮತ್ತು ದುರ್ಬಲ ಜಾಗಗಳು

ಪಿಕಪ್ ಬಾಗಿಲು ಎರಡು ತಗಡುಗಳಿಂದ ಕೂಡಿದೆ. ಹೊರಗಿನದು ಸುಮಾರು 0.7ರಿಂದ 0.8 ಮಿಲಿಮೀಟರ್ ದಪ್ಪದ ಹೊದಿಕೆ. ಒಳಗಿನದು ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟ ತಗಡು. ಕೀಲು, ಬೀಗ, ಗಾಜು ಏರಿಳಿಸುವ ಯಂತ್ರ ಇವೆಲ್ಲ ಕೂರುವುದು ಇದರ ಮೇಲೆ. ಹೊರತಗಡಿನ ಅಂಚನ್ನು ಒಳತಗಡಿನ ಮೇಲೆ ಮಡಿಚಿ ಒತ್ತಲಾಗಿರುತ್ತದೆ. ಕೀಲು ಮತ್ತು ಬೀಗ ಬರುವ ಕಡೆ ಒಳಗೆ ದಪ್ಪ ತಗಡಿನ ಬಲಪಟ್ಟಿಯನ್ನು ಚುಕ್ಕೆ ವೆಲ್ಡಿಂಗಿನಿಂದ ಸೇರಿಸಿರುತ್ತಾರೆ. ಬಿರುಕು ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಜಾಗಗಳು ಇವು:

1. ಕೀಲಿನ ಸುತ್ತ. ಬಾಗಿಲಿನ ಪೂರ್ಣ ತೂಕವನ್ನು ಹೊರುವ ಜಾಗವಿದು. ಬಲಪಟ್ಟಿ ಮುಗಿದು ತೆಳುವಾದ ತಗಡು ಆರಂಭವಾಗುವ ಅಂಚಿನಲ್ಲಿ ಬಿರುಕು ಹುಟ್ಟುತ್ತದೆ.

2. ತಡೆಪಟ್ಟಿಯ ಬಳಿ. ಬಾಗಿಲು ಅತಿಯಾಗಿ ತೆರೆಯದಂತೆ ಹಿಡಿಯುವ, ಗ್ಯಾರೇಜುಗಳಲ್ಲಿ ಡೋರ್ ಸ್ಟಾಪರ್ ಎನ್ನುವ ಪಟ್ಟಿ ಎರಡು ಕೀಲುಗಳ ನಡುವೆ ಇರುತ್ತದೆ. ಬಾಗಿಲನ್ನು ಎಳೆದು ತೆರೆದಾಗಲೆಲ್ಲ ಅದರ ಬೋಲ್ಟಿನ ಸುತ್ತಲಿನ ತಗಡು ಉಬ್ಬಿ ಇಳಿಯುತ್ತದೆ.

3. ಕಿಟಕಿ ಚೌಕಟ್ಟಿನ ಕೆಳಮೂಲೆಗಳು. ತೆಳುವಾದ ಚೌಕಟ್ಟು ಬಾಗಿಲಿನ ಒಡಲನ್ನು ಸೇರುವ ಜಾಗಗಳಿವು. ಬಾಗಿಲನ್ನು ಮೇಲಂಚು ಹಿಡಿದು ಎಳೆಯುವ ರೂಢಿಯಿದ್ದರೆ ಬಿರುಕು ಇಲ್ಲಿ ಬೇಗ ಬರುತ್ತದೆ.

4. ಬೀಗದ ಸುತ್ತ. ಬಾಗಿಲು ಜೋತುಬಿದ್ದು ಬೀಗವು ಕಂಬದ ಮೇಲಿನ ಕೊಂಡಿಗೆ ಓರೆಯಾಗಿ ಬಡಿಯುತ್ತಿದ್ದರೆ ಇಲ್ಲಿ ಬಿರುಕು ಮೂಡುತ್ತದೆ.

5. ಕನ್ನಡಿಯ ಬುಡ. ಮೂಲ ಕನ್ನಡಿಯ ಬದಲಿಗೆ ಉದ್ದ ತೋಳಿನ ಭಾರವಾದ ಕನ್ನಡಿ ಹಾಕಿಸಿದಾಗ ತಗಡು ಅದುರಿ ಸೀಳುತ್ತದೆ.

ಹಿಂಬದಿಯ ಸರಕು ತೊಟ್ಟಿಯ ಬಾಗಿಲುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅಲ್ಲಿ ಸರಪಳಿಯ ಕೊಕ್ಕೆ, ಕೀಲಿನ ಬುಡ ಮತ್ತು ಚಿಲಕದ ಅಂಚುಗಳು ದುರ್ಬಲ ಜಾಗಗಳು.

ಹೊರೆ ಹೆಚ್ಚಿಸುವ ಸ್ಥಳೀಯ ಕಾರಣಗಳು

ಜೋಗಿಮಟ್ಟಿ ಮತ್ತು ಸುತ್ತಲಿನ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳೇ ಚಿತ್ರದುರ್ಗ ಸೀಮೆಯ ಗಾಳಿಯ ಬಲಕ್ಕೆ ಸಾಕ್ಷಿ. ಮುಂಗಾರಿನ ತಿಂಗಳುಗಳಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತ ವಾಹನದ ಬಾಗಿಲನ್ನು ತುಸು ತೆರೆದರೂ ಗಾಳಿಯೇ ಅದನ್ನು ಕಿತ್ತೆಳೆದು ಕೊನೆಯವರೆಗೆ ಬಡಿಯುತ್ತದೆ. ಆ ಪೆಟ್ಟು ಪೂರ್ತಿಯಾಗಿ ಬೀಳುವುದು ತಡೆಪಟ್ಟಿಯ ಮೇಲೆ. ತಡೆಪಟ್ಟಿ ಮುರಿದಿದ್ದರೆ ಬಾಗಿಲು ಕೀಲಿನ ಮಿತಿಯನ್ನು ಮೀರಿ ತಿರುಗಿ ಮುಂಭಾಗದ ತಗಡಿಗೆ ಅಪ್ಪಳಿಸುತ್ತದೆ. ಬಯಲಿನಲ್ಲಿ ವಾಹನ ನಿಲ್ಲಿಸುವಾಗ ಮುಖವನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು, ಬಾಗಿಲನ್ನು ಕೈಬಿಡದೆ ತೆರೆಯುವುದು ಹಣ ಖರ್ಚಿಲ್ಲದ ರಕ್ಷಣೆ.

ಎರಡನೆಯದು ಸರಕು ತುಂಬುವ ಕ್ರಮ. ಈರುಳ್ಳಿ ಚೀಲ, ಕಾಯಿ ಚೀಲಗಳನ್ನು ಎತ್ತರಕ್ಕೆ ಪೇರಿಸಿ ಹಗ್ಗ ಬಿಗಿಯುವಾಗ ತೆರೆದ ಬಾಗಿಲಿನ ಕೆಳಂಚಿನ ಮೇಲೆ ಕಾಲಿಟ್ಟು ನಿಲ್ಲುವವರು ಉಂಟು. 60 ಕಿಲೋ ತೂಕದ ಒಬ್ಬ ವ್ಯಕ್ತಿ ಕೀಲಿನಿಂದ ಒಂದು ಮೀಟರ್ ದೂರದಲ್ಲಿ ನಿಂತರೆ, ಎರಡು ಕೀಲುಗಳ ನಡುವೆ 40 ಸೆಂಟಿಮೀಟರ್ ಅಂತರವಿದ್ದಲ್ಲಿ, ಮೇಲಿನ ಕೀಲನ್ನು ಹೊರಗೆಳೆಯುವ ಬಲ 150 ಕಿಲೋಗೆ ಸಮನಾಗುತ್ತದೆ. ಕಿಟಕಿಯ ಚೌಕಟ್ಟಿಗೆ ಹಗ್ಗದ ತುದಿಯನ್ನು ಕಟ್ಟುವುದು, ಬಾಗಿಲಿಗೆ ಜೋತು ಬಿದ್ದು ಚಲಿಸುವುದು ಇವೂ ಅದೇ ಬಗೆಯವು. ಹಮಾಲರಿಗೆ ಹತ್ತಿ ಇಳಿಯಲು ಸರಕು ತೊಟ್ಟಿಗೆ ಒಂದು ಭದ್ರವಾದ ಮೆಟ್ಟಿಲನ್ನು ಮಾಡಿಸಿಕೊಟ್ಟರೆ ಬಾಗಿಲೂ ಉಳಿಯುತ್ತದೆ, ಕಾಲು ಜಾರಿ ಬೀಳುವುದೂ ತಪ್ಪುತ್ತದೆ.

ಮೂರನೆಯದು ಅತಿಭಾರ. ಮಿತಿ ಮೀರಿ ಹೇರಿದಾಗ ಚಾಸಿ ತಿರುಚಿಕೊಳ್ಳುತ್ತದೆ. ಅದರೊಂದಿಗೆ ಕ್ಯಾಬಿನ್ ತಿರುಚಿಕೊಂಡು ಬಾಗಿಲಿನ ಚೌಕ ಓರೆಯಾಗುತ್ತದೆ. ತೋಟದ ಬದುವಿನ ಮೇಲೆ ಒಂದು ಚಕ್ರ ಏರಿದಾಗ ಬಾಗಿಲು ಕಿರುಗುಟ್ಟುವುದು ಇದರ ಲಕ್ಷಣ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ವಿಧಿಯು ಅತಿಭಾರಕ್ಕೆ 20,000 ರೂಪಾಯಿ ಹಾಗೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ವಿಧಿಸುತ್ತದೆ. ತಗಡು ತೆರುವ ದಂಡ ಇದರ ಹೊರತಾದದ್ದು.

ನಾಲ್ಕನೆಯದು ತುಕ್ಕು ಮತ್ತು ಧೂಳು. ಬಾಗಿಲಿನ ತಳದಲ್ಲಿ ನೀರು ಹರಿದು ಹೋಗಲು ಇರುವ ಸಣ್ಣ ರಂಧ್ರಗಳು ಮಣ್ಣಿನಿಂದ ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ತುಕ್ಕು ಹಿಡಿದ ತಗಡು ತೆಳುವಾಗುವುದಷ್ಟೇ ಅಲ್ಲ, ಅದರ ಒರಟು ಮೇಲ್ಮೈಯ ಪ್ರತಿ ಕುಳಿಯೂ ಬಿರುಕಿನ ಬೀಜವಾಗುತ್ತದೆ.

ಬಿರುಕನ್ನು ಆರಂಭದಲ್ಲಿಯೇ ಗುರುತಿಸುವುದು

ತಿಂಗಳಿಗೊಮ್ಮೆ ವಾಹನ ತೊಳೆದ ಮೇಲೆ ಹತ್ತು ನಿಮಿಷದ ಪರೀಕ್ಷೆ ಸಾಕು. ಬಾಗಿಲನ್ನು ಅರ್ಧ ತೆರೆದು, ಬೀಗವಿರುವ ಅಂಚನ್ನು ಎರಡೂ ಕೈಗಳಿಂದ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಆಟವಿದ್ದರೆ ಕೀಲಿನ ಪಿನ್ನು ಅಥವಾ ಬುಶ್ ಸವೆದಿದೆ ಎಂದರ್ಥ. ಬಾಗಿಲನ್ನು ನಿಧಾನವಾಗಿ ಹಾಕುವಾಗ ಬೀಗವು ಕೊಂಡಿಯನ್ನು ಮುಟ್ಟಿದೊಡನೆ ಬಾಗಿಲು ಮೇಲೇಳುವುದಾದರೆ ಅದು ಜೋತುಬಿದ್ದಿದೆ. ಜೋರಾಗಿ ಬಡಿದರೆ ಮಾತ್ರ ಬೀಗ ಬೀಳುವ ಬಾಗಿಲು ಬಿರುಕಿನ ದಾರಿಯಲ್ಲಿದೆ ಎಂದು ತಿಳಿಯಬೇಕು.

ಬಣ್ಣದಲ್ಲಿ ಕಂಡ ಗೆರೆ ಬಣ್ಣದ್ದೋ ತಗಡಿನದೋ ಎಂಬ ಸಂಶಯ ಬಂದರೆ ಆ ಜಾಗದ ಬಣ್ಣವನ್ನು ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ, ಕೆಲವು ನಿಮಿಷ ಬಿಟ್ಟು ಒರೆಸಿ, ಸೀಮೆಸುಣ್ಣದ ಪುಡಿ ಹಚ್ಚಬೇಕು. ಬಿರುಕಿನೊಳಗೆ ಇಳಿದ ಎಣ್ಣೆ ಹೊರಬಂದು ಪುಡಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತದೆ. ಬಿರುಕಿನ ನಿಜವಾದ ತುದಿ ಬರಿಗಣ್ಣಿಗೆ ಕಾಣುವುದಕ್ಕಿಂತ ಮುಂದಿರುವುದು ಸಹಜವಾದ್ದರಿಂದ ದುರಸ್ತಿಗೆ ಮುನ್ನ ಈ ಪರೀಕ್ಷೆ ಅಗತ್ಯ. ಗೆರೆಯಿಂದ ಕೆಂಪು ತುಕ್ಕಿನ ನೀರು ಇಳಿದಿದ್ದರೆ ಬಿರುಕು ಹಳೆಯದೆಂದು ಭಾವಿಸಬಹುದು.

ದುರಸ್ತಿಯ ಸರಿಯಾದ ಕ್ರಮ

ಮೊದಲು ಕಾರಣ, ಆಮೇಲೆ ಬಿರುಕು ಎಂಬುದು ಇಲ್ಲಿನ ಮೂಲಸೂತ್ರ. ಕೀಲು ಸವೆದಿದ್ದರೆ ಪಿನ್ನು, ಬುಶ್ ಬದಲಿಸಬೇಕು. ತಡೆಪಟ್ಟಿ ಮುರಿದಿದ್ದರೆ ಹೊಸದು ಹಾಕಬೇಕು. ಅಂಚಿನ ರಬ್ಬರು ಗಟ್ಟಿಯಾಗಿದ್ದರೆ ಅಥವಾ ಕಳಚಿದ್ದರೆ ಬದಲಿಸಬೇಕು. ಇವುಗಳ ಬೆಲೆ ಹೊಸ ಬಾಗಿಲಿನ ಬೆಲೆಯ ಮುಂದೆ ಅಲ್ಪ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಋಣ ತಂತಿಯನ್ನು ಕಳಚಬೇಕು. ಬಾಗಿಲಿನ ಒಳಹೊದಿಕೆ, ಗಾಜು, ರಬ್ಬರು, ವೈರುಗಳನ್ನು ತೆಗೆಯಬೇಕು ಅಥವಾ ದೂರ ಸರಿಸಬೇಕು. ಪರೀಕ್ಷೆಗೆ ಬಳಸಿದ ಸೀಮೆಎಣ್ಣೆಯನ್ನು ಪೂರ್ತಿಯಾಗಿ ಒರೆಸಿ ಒಣಗಿಸದೆ ಕಿಡಿ ಹತ್ತಿರ ತರಬಾರದು. ಸತುವಿನ ಲೇಪವಿರುವ ತಗಡನ್ನು ವೆಲ್ಡ್ ಮಾಡುವಾಗ ಬರುವ ಹೊಗೆ ಹಾನಿಕರವಾದ್ದರಿಂದ ಗಾಳಿಯಾಡುವ ಜಾಗದಲ್ಲಿಯೇ ಕೆಲಸ ನಡೆಯಬೇಕು.

ಬಿರುಕಿನ ಎರಡೂ ಬದಿಯ ಬಣ್ಣ, ತುಕ್ಕುಗಳನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ಗುರುತಿಸಿದ ತುದಿಯಿಂದ ಎರಡು ಮೂರು ಮಿಲಿಮೀಟರ್ ಮುಂದೆ 3 ಮಿಲಿಮೀಟರಿನ ಒಂದು ರಂಧ್ರ ಕೊರೆಯಬೇಕು. ಸೂಜಿಮೊನೆಯಂತಿದ್ದ ತುದಿಯ ಜಾಗದಲ್ಲಿ ದುಂಡನೆಯ ರಂಧ್ರ ಬಂದಾಗ ಅಲ್ಲಿ ಸೇರುತ್ತಿದ್ದ ಹೊರೆ ಹಂಚಿಹೋಗಿ ಬಿರುಕಿನ ಬೆಳವಣಿಗೆ ತಡೆಯುತ್ತದೆ. ಸುಗ್ಗಿಯ ನಡುವೆ ವಾಹನ ನಿಲ್ಲಿಸಲಾಗದಿದ್ದರೆ, ಕೀಲು ಮತ್ತು ಬೀಗಗಳಿಂದ ದೂರವಿರುವ ಸಣ್ಣ ಬಿರುಕಿಗೆ ಈ ರಂಧ್ರ ಕೆಲವು ದಿನಗಳ ಅವಕಾಶ ಕೊಡುತ್ತದೆ. ಆದರೆ ಇದು ಪೂರ್ಣ ಪರಿಹಾರವಲ್ಲ.

ತೆಳುವಾದ ತಗಡಿಗೆ ಮಿಗ್ ವೆಲ್ಡಿಂಗ್, ಅಂದರೆ ಗ್ಯಾರೇಜುಗಳಲ್ಲಿ ಸಿಒಟು ವೆಲ್ಡಿಂಗ್ ಎಂದು ಕರೆಯುವ ವಿಧಾನ ಸೂಕ್ತ. 0.8 ಮಿಲಿಮೀಟರಿನ ತಂತಿ ಬಳಸಿ, ಒಂದೊಂದು ಸೆಂಟಿಮೀಟರಿನ ತುಣುಕುಗಳಾಗಿ, ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಎಂಬಂತೆ ಹಾಕುತ್ತಾ ನಡುನಡುವೆ ತಾನಾಗಿಯೇ ತಣಿಯಲು ಬಿಡಬೇಕು. ಬೇಗ ಮುಗಿಸಲೆಂದು ಬೆಸುಗೆಯ ಮೇಲೆ ನೀರು ಸುರಿಯುವುದು ಸಲ್ಲದು. ಗ್ಯಾಸ್ ವೆಲ್ಡಿಂಗಿನ ಶಾಖ ಅಗಲಕ್ಕೆ ಹರಡಿ ತಗಡು ಸೊಟ್ಟಗಾಗುತ್ತದೆ. ದಪ್ಪ ರಾಡಿನ ಆರ್ಕ್ ವೆಲ್ಡಿಂಗ್ ತಗಡನ್ನು ತೂತು ಮಾಡುತ್ತದೆ. ಬೆಸುಗೆಯನ್ನು ಸಮ ಮಾಡುವಾಗ ಪಕ್ಕದ ತಗಡೂ ತೆಳುವಾಗುವಂತೆ ಗ್ರೈಂಡರ್ ಹಿಡಿಯಬಾರದು.

ದಪ್ಪ ಪಟ್ಟಿಯ ತಪ್ಪು

ಒಡೆದ ಜಾಗಕ್ಕೆ ಆದಷ್ಟು ದಪ್ಪವಾದ ಪಟ್ಟಿ ಬಡಿದರೆ ಗಟ್ಟಿಯೆಂಬ ನಂಬಿಕೆ ಸಾಮಾನ್ಯ. ಮರುಕಳಿಸುವ ಬಿರುಕುಗಳಿಗೆ ಈ ನಂಬಿಕೆಯೂ ಒಂದು ಮುಖ್ಯ ಕಾರಣ. ಬಾಗುವಿಕೆಗೆ ತಗಡು ಒಡ್ಡುವ ಪ್ರತಿರೋಧ ಅದರ ದಪ್ಪದ ಘನದಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟಾಗುತ್ತದೆ. 0.8 ಮಿಲಿಮೀಟರ್ ತಗಡಿನ ಮೇಲೆ 3 ಮಿಲಿಮೀಟರಿನ ಪಟ್ಟಿ ಕೂರಿಸಿದರೆ ಆ ಪಟ್ಟಿ ತಗಡಿಗಿಂತ 50 ಪಟ್ಟಿಗೂ ಹೆಚ್ಚು ಬಿಗುವಾಗಿರುತ್ತದೆ. ಪಟ್ಟಿ ಬಾಗುವುದಿಲ್ಲ, ಅದುರೆಲ್ಲವೂ ಪಟ್ಟಿಯ ಅಂಚಿನಲ್ಲಿರುವ ತೆಳು ತಗಡಿಗೆ ಬಂದು ಸೇರುತ್ತದೆ. ಹೊಸ ಬಿರುಕು ಹುಟ್ಟುವುದು ಅಲ್ಲಿಯೇ.

ಒಳಭಾಗಕ್ಕೆ ಕೂರಿಸುವ ಪಟ್ಟಿ ಮೂಲ ತಗಡಿನಷ್ಟೇ ಅಥವಾ ತುಸು ಹೆಚ್ಚು, ಸುಮಾರು 1 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಬಿರುಕಿನ ಎಲ್ಲ ಬದಿಗೂ ಮೂರು ನಾಲ್ಕು ಸೆಂಟಿಮೀಟರ್ ಹೊರಚಾಚಬೇಕು. ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಅಂಚಿನುದ್ದಕ್ಕೂ ವೆಲ್ಡಿಂಗ್ ಎಳೆಯುವ ಬದಲು ಪಟ್ಟಿಯಲ್ಲಿ ರಂಧ್ರಗಳನ್ನು ಮಾಡಿ ಅವುಗಳನ್ನು ತುಂಬುವ ಚುಕ್ಕೆ ಬೆಸುಗೆ ಮಾಡಬೇಕು. ಬಳಿಕ ಎರಡೂ ಬದಿಗೆ ತುಕ್ಕು ನಿರೋಧಕ ಪ್ರೈಮರ್, ಸಂದುಗಳಿಗೆ ಸೀಲರ್, ಒಳಪೊಳ್ಳಿಗೆ ಮೇಣ ಲೇಪಿಸಿದ ಮೇಲೆಯೇ ಬಣ್ಣ. ಪುಟ್ಟಿಯು ಮೇಲ್ಮೈಯನ್ನು ನುಣುಪು ಮಾಡುತ್ತದೆಯೇ ಹೊರತು ಹೊರೆಯನ್ನು ಹೊರುವುದಿಲ್ಲ. ಬಿರುಕಿನ ಮೇಲೆ ನೇರವಾಗಿ ಹಚ್ಚಿದ ಪುಟ್ಟಿ ಬಿರುಕನ್ನು ಮರೆಮಾಡಿ ಅಪಾಯವನ್ನು ಹೆಚ್ಚಿಸುತ್ತದೆ.

ದುರಸ್ತಿಯೋ, ಹೊಸ ಬಾಗಿಲೋ?

ಕಿಟಕಿಯ ಮೂಲೆ, ಕನ್ನಡಿಯ ಬುಡ, ತಡೆಪಟ್ಟಿಯ ಸುತ್ತಲಿನ ಸಣ್ಣ ಬಿರುಕುಗಳನ್ನು ಧೈರ್ಯವಾಗಿ ದುರಸ್ತಿ ಮಾಡಿಸಬಹುದು. ಕೀಲಿನ ಬಲಪಟ್ಟಿಯೇ ಸೀಳಿದ್ದರೆ, ಬೀಗದ ಸುತ್ತ ಬಿರುಕು ಎರಡು ಕಡೆಯಿಂದ ಬೆಳೆದಿದ್ದರೆ, ಅಥವಾ ಒಳತಗಡು ತುಕ್ಕಿನಿಂದ ಜರಡಿಯಾಗಿದ್ದರೆ ಬಾಗಿಲು ಬದಲಿಸುವುದೇ ಮೇಲು. ಕೆಲವು ಮಾದರಿಗಳ ಬಾಗಿಲಿನೊಳಗೆ ಪಕ್ಕದ ಡಿಕ್ಕಿಯಿಂದ ರಕ್ಷಿಸುವ ಹೆಚ್ಚು ಬಲದ ಉಕ್ಕಿನ ಅಡ್ಡಪಟ್ಟಿ ಇರುತ್ತದೆ. ಅದನ್ನು ಕಾಯಿಸಿದರೆ ಅದರ ಗುಣ ಕೆಡುತ್ತದೆ. ಕೀಲು ಕೂರುವ ಕ್ಯಾಬಿನ್ ಕಂಬದಲ್ಲಿಯೇ ಬಿರುಕಿದ್ದರೆ ಅದು ಬಾಗಿಲಿನ ಪ್ರಶ್ನೆಯಲ್ಲ, ಕ್ಯಾಬಿನ್ ಭದ್ರತೆಯ ಪ್ರಶ್ನೆ. ಅಂತಹ ವಾಹನವನ್ನು ತಯಾರಕರ ಅಧಿಕೃತ ಸೇವಾ ಕೇಂದ್ರಕ್ಕೆ ತೋರಿಸದೆ ಓಡಿಸಬಾರದು.

ಹಳೆಯ ವಾಹನಗಳಿಂದ ತೆಗೆದ ಬಾಗಿಲು ಕೊಳ್ಳುವವರು ಅದರ ಬಣ್ಣ ನೋಡಿ ಮೋಸಹೋಗಬಾರದು. ಒಳಹೊದಿಕೆ ತೆಗೆಸಿ ಕೀಲಿನ ಜಾಗವನ್ನು ಪರೀಕ್ಷಿಸಬೇಕು; ಆ ಬಾಗಿಲೂ ತನ್ನ ಪಾಲಿನ ಲಕ್ಷಾಂತರ ಅದುರುಗಳನ್ನು ಈಗಾಗಲೇ ಉಂಡಿರುತ್ತದೆ.

ಲೆಕ್ಕಪತ್ರ ಮತ್ತು ನಿಯಮಗಳು

ವಾಹನ ವಿಮೆಯ ಸಾಮಾನ್ಯ ಪಾಲಿಸಿಗಳಲ್ಲಿ ಸವೆತದಿಂದಾದ ಹಾನಿಗೆ ಪರಿಹಾರವಿಲ್ಲ. ಆದ್ದರಿಂದ ದಣಿವಿನ ಬಿರುಕಿನ ವೆಚ್ಚ ಮಾಲೀಕನದೇ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ತೆರಿಗೆಗೆ ಒಳಪಡುವ ವ್ಯಾಪಾರಕ್ಕಾಗಿ ಸರಕು ವಾಹನ ಬಳಸುವ ನೋಂದಾಯಿತ ವರ್ತಕರು ಅದರ ದುರಸ್ತಿಯ ಮೇಲೆ ತೆತ್ತ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯಲು ಅವಕಾಶವಿದೆ. ಇದಕ್ಕೆ ಸರಿಯಾದ ಬಿಲ್ಲು ಅಗತ್ಯ. ವಾಹನದ ಅರ್ಹತಾ ಪತ್ರವನ್ನು ಎಂಟು ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ, ನಂತರ ಪ್ರತಿವರ್ಷ ನವೀಕರಿಸಬೇಕಾಗಿರುವುದರಿಂದ ಆ ತಪಾಸಣೆಗೆ ಮುನ್ನ ಬಾಗಿಲುಗಳ ಪರೀಕ್ಷೆಯನ್ನೂ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ನಷ್ಟದ ದೊಡ್ಡ ಪಾಲು ದುರಸ್ತಿ ಬಿಲ್ಲಿನಲ್ಲಿ ಕಾಣುವುದಿಲ್ಲ. ವಾಹನದ ದಿನದ ದುಡಿಮೆ 2,000 ರೂಪಾಯಿ ಎಂದಿಟ್ಟುಕೊಂಡರೆ, ಒಂದೇ ಬಿರುಕಿಗಾಗಿ ಮೂರು ಬಾರಿ ಎರಡೆರಡು ದಿನ ಗ್ಯಾರೇಜಿನಲ್ಲಿ ನಿಂತಾಗ 12,000 ರೂಪಾಯಿ ಕೈತಪ್ಪುತ್ತದೆ. ಅಡಿಕೆ ಕೊಯ್ಲು ಅಥವಾ ಈರುಳ್ಳಿ ಸುಗ್ಗಿಯಲ್ಲಿ ಈ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಆಗ ಬದಲಿ ವಾಹನವೂ ಸಿಗುವುದಿಲ್ಲ.

ಸಣ್ಣ ಉದ್ಯಮಗಳ ಹೊಣೆ

ಬಾಡಿ ಕಟ್ಟುವ ಹಾಗೂ ಟಿಂಕರಿಂಗ್ ಮಾಡುವ ಘಟಕಗಳು ಈ ವಿಷಯದಲ್ಲಿ ತಮ್ಮ ಕೆಲಸದ ಗುಣಮಟ್ಟವನ್ನು ಸುಲಭವಾಗಿ ಹೆಚ್ಚಿಸಿಕೊಳ್ಳಬಹುದು. ಹಿಂಬದಿಯ ಬಾಗಿಲು ತಯಾರಿಸುವಾಗ ಮೂಲೆಗಳನ್ನು ದುಂಡಗೆ ಕತ್ತರಿಸುವುದು, ಕೀಲಿನ ಬುಡದ ಬಲಪಟ್ಟಿಯನ್ನು ಥಟ್ಟನೆ ಮುಗಿಸದೆ ಕ್ರಮೇಣ ಕಿರಿದಾಗಿಸುವುದು, ವೆಲ್ಡಿಂಗನ್ನು ಹೆಚ್ಚು ಹೊರೆ ಬೀಳುವ ಅಂಚಿನಿಂದ ದೂರ ಇಡುವುದು ಇವಕ್ಕೆ ಹೆಚ್ಚಿನ ಬಂಡವಾಳ ಬೇಡ. ದುರಸ್ತಿ ಬಿಲ್ಲಿನಲ್ಲಿ ಬಿರುಕಿನ ಜಾಗ, ಅದರ ಕಾರಣ ಮತ್ತು ಬದಲಿಸಿದ ಭಾಗಗಳನ್ನು ಬರೆದುಕೊಡುವ ಪದ್ಧತಿ ಬಂದರೆ ಮಾಲೀಕನಿಗೂ ವೆಲ್ಡರನಿಗೂ ನಡುವೆ ವಾದಕ್ಕೆ ಎಡೆಯಿರುವುದಿಲ್ಲ.

ಬಾಗಿಲಿನ ಬಿರುಕು ಸಣ್ಣ ವಿಷಯವೆಂದು ತೋರಬಹುದು. ಆದರೆ ಬೀಗದ ಸುತ್ತಲಿನ ತಗಡು ಹರಿದ ಬಾಗಿಲು ಹೆದ್ದಾರಿಯ ತಿರುವಿನಲ್ಲಿ ತೆರೆದುಕೊಂಡರೆ ಪಕ್ಕದಲ್ಲಿ ಕುಳಿತ ಕ್ಲೀನರ್ ಅಥವಾ ಹಮಾಲನಿಗೆ ಹಿಡಿಯಲು ಏನೂ ಇರುವುದಿಲ್ಲ. ಆ ಅನಾಹುತಕ್ಕೆ ತಿಂಗಳುಗಳ ಮುಂಚೆಯೇ ಕೂದಲೆಳೆಯ ಗೆರೆಯೊಂದು ಮುನ್ಸೂಚನೆ ಕೊಟ್ಟಿರುತ್ತದೆ. ಗೆರೆ ಕಂಡ ದಿನವೇ ಮೊದಲು ಕೀಲನ್ನು, ಆಮೇಲೆ ತಗಡನ್ನು ನೋಡುವ ಅಭ್ಯಾಸವನ್ನು ಮಾಲೀಕರೂ ಗ್ಯಾರೇಜಿನವರೂ ಬೆಳೆಸಿಕೊಳ್ಳುವುದು ಅವಶ್ಯಕ.